ಮುಂದಿನ ಚಕ್ರದ ತಗಡು

ನಿಟ್ಟೂರು
ಶುಕ್ರವಾರ, ೧೨-೯-೨೦೨೫

ಮಗಳು ಶಿಲ್ಪಾಗೆ ಅಪ್ಪನ ಪ್ರೀತಿಯ ಆಶೀರ್ವಾದ.

ಹೇಗಿದ್ದೀಯ ಕಂದಾ? ಶಿಬಿರದಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಿದ್ದಾರೆಯೇ? ಎಡಗಣ್ಣು ಮತ್ತೆ ಕೆಂಪಾಗಿಲ್ಲ ತಾನೇ? ಡ್ರಾಪ್ಸ್ ಮರೆಯಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ, ನಿಮ್ಮಮ್ಮ ಚೆನ್ನಾಗಿದ್ದಾಳೆ. ನನ್ನ ಅಕ್ಷರ ಸೊಟ್ಟಪಟ್ಟ ಇರುವುದಕ್ಕೆ ಕಾರಣ ಮುಂದೆ ಬರೆಯುತ್ತೇನೆ. ಶಿಬಿರದವರು ನಿಮ್ಮ ಫೋನು ತೆಗೆದಿಟ್ಟುಕೊಂಡಿದ್ದಾರೆ. ನಿಮ್ಮ ಕೋಚ್ ಮೋಹನ್‌ಕುಮಾರ್ ಅವರಿಗೆ ಬೆಳಗ್ಗೆಯಿಂದ ನಾಲ್ಕು ಸಲ ಮಾಡಿದೆ, ಸಿಗಲಿಲ್ಲ. ಎಳನೀರು ಗಾಡಿಯ ಚಂದ್ರು ಮಧ್ಯಾಹ್ನ ಕುಣಿಗಲ್‌ಗೆ ಹೊರಟಿದ್ದಾನೆ, ಕೊತ್ತಗೆರೆಯ ನಿಮ್ಮ ಶಿಬಿರದವರೆಗೆ ಬಂದು ಇದನ್ನು ನಿನ್ನ ಕೈಗೇ ಕೊಡಲು ಒಪ್ಪಿದ್ದಾನೆ. ಭಾನುವಾರ ಸೈಕಲ್ ರೇಸ್ ಶುರುವಾಗುವ ಮೊದಲು ನೀನು ಇದನ್ನು ಓದಲೇಬೇಕು.

ವಿಷಯ ಮಡ್‌ಗಾರ್ಡಿನದು. ಕಳೆದ ವರ್ಷ ಗುಡ್ಡ ಇಳಿಯುವಾಗ ಮುಂದಿನ ಚಕ್ರದ ಕೆಸರು ಕಣ್ಣಿಗೆ ಸಿಡಿದು ನೀನು ಬಿದ್ದದ್ದು, ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ಮೂರು ದಿನ ಪಟ್ಟಿ ಕಟ್ಟಿಕೊಂಡು ಮಲಗಿದ್ದು ನಾನು ಇನ್ನೂ ಮರೆತಿಲ್ಲ. ಮಡ್‌ಗಾರ್ಡ್ ಇಲ್ಲದೆ ಇವಳು ಸೈಕಲ್ ಹತ್ತುವ ಹಾಗಿಲ್ಲ ಎಂದು ಆಗಲೇ ನಿಮ್ಮಮ್ಮ ಹಟ ಹಿಡಿದಳು. ಅದಕ್ಕೇ ಈ ಸಲ ನಾನು ನಮ್ಮ ಸೈಕಲ್ ಅಂಗಡಿಯಲ್ಲಿದ್ದ ಉದ್ದನೆಯ ತಗಡಿನದನ್ನೇ ಟೈರಿಗೆ ತೀರ ಹತ್ತಿರ ಕೂರಿಸಿದೆ, ಒಂದು ಹನಿಯೂ ಮೇಲೆ ಹಾರಬಾರದು ಎಂದು. ಶಿಬಿರಕ್ಕೆ ಹೊರಡುವ ದಿನ ನೀನು ಬೆರಳು ತೂರಿಸಿ ನೋಡಿ, "ಅಪ್ಪಾ, ಇಲ್ಲಿ ಜಾಗನೇ ಇಲ್ವಲ್ಲ. ಮಣ್ಣು ಎಲ್ಲಿಗೋಗ್ಬೇಕು?" ಎಂದೆ. "ಇಪ್ಪತ್ತೆಂಟು ವರ್ಷದಿಂದ ಸೈಕಲ್ ಬಿಚ್ತಾ ಇದೀನಿ ಕಣೇ, ನಂಗೇ ಹೇಳ್ಕೊಡ್ತೀಯಾ?" ಎಂದು ಗದರಿಸಿಬಿಟ್ಟೆ. ನೀನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದೆ.

ಬುಧವಾರ ಇಲ್ಲಿ ಮಳೆ ಹುಯ್ಯಿತು. ಎದುರುಮನೆ ಗೋವಿಂದರಾಜು ತೋಟದಿಂದ ಮೊಪೆಡ್ ತಳ್ಳಿಕೊಂಡೇ ಅಂಗಡಿಗೆ ಬಂದ, ಮುಂದಿನ ಚಕ್ರ ತಿರುಗುತ್ತಲೇ ಇರಲಿಲ್ಲ. ಮಡ್‌ಗಾರ್ಡಿನ ಒಳಗಿಂದ ಸ್ಕ್ರೂಡ್ರೈವರಿನಲ್ಲಿ ಕೆದಕಿ ಕೆದಕಿ ಬೊಗಸೆಗಟ್ಟಲೆ ಅಂಟುಮಣ್ಣು ತೆಗೆದೆ. "ಮಳೆಗಾಲ ಮುಗಿಯೋಗಂಟ ಇದನ್ನ ಬಿಚ್ಚಾಕ್‌ಬುಡು" ಎಂದು ಅವನಿಗೆ ಬುದ್ಧಿ ಹೇಳಿದೆ. ವರ್ಷ ವರ್ಷವೂ ಊರವರಿಗೆಲ್ಲ ಹೇಳುವವನು ನಾನೇ. ಹೇಳಿದ ಮೇಲೆ ನನ್ನ ಕೈ ನಿಂತುಹೋಯಿತು. ಮಗಳ ಸೈಕಲ್ಲಿಗೆ ಬಂದಾಗ ಈ ಬುದ್ಧಿ ಎಲ್ಲಿ ಹೋಗಿತ್ತೋ ಕಾಣೆ.

ಆದರೂ ಮನಸ್ಸು ಒಪ್ಪಲಿಲ್ಲ. ಅಂಥದೇ ಇನ್ನೊಂದು ತಗಡನ್ನು ಅಂಗಡಿಯ ಹಳೆಯ ಸೈಕಲ್ಲಿಗೆ ನಿನ್ನದರಷ್ಟೇ ಹತ್ತಿರ ಕೂರಿಸಿ, ನಿನ್ನೆ ಬೆಳಗ್ಗೆ ಕೆರೆ ಪಕ್ಕದ ರಾಗಿ ಹೊಲದ ದಾರಿಗೆ ಒಯ್ದೆ. ನೂರು ಮಾರು ಹೋಗಿರಲಿಲ್ಲ, ಇಳಿಜಾರಿನಲ್ಲಿ ಚಕ್ರ ಕರಕರ ಎಂದು ಗಕ್ಕನೆ ನಿಂತಿತು. ನಾನು ಹ್ಯಾಂಡಲ್ ಮೇಲಿಂದ ಆಚೆ ಬಿದ್ದೆ. ಬಲಗೈ ಮಣಿಕಟ್ಟಿಗೆ ಪಟ್ಟಿ. ಮೊಣಕಾಲು ಬಾತು ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿಲ್ಲ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ. ಬಚ್ಚಲಲ್ಲಿ ಜಾರಿದೆ ಎಂದು ನಿಮ್ಮಮ್ಮನಿಗೆ ಹೇಳಿದ್ದೇನೆ, ನಂಬಿದ ಹಾಗೆ ಕಾಣಲಿಲ್ಲ. ನಾನು ಬಿದ್ದದ್ದು ಹುಲ್ಲಿನ ಮೇಲೆ, ಅದೂ ಮೆಲ್ಲಗೆ ಹೋಗುವಾಗ. ನೀನು ಆ ಗುಡ್ಡದಿಂದ ಇಳಿಯುವ ವೇಗ ನೆನೆದರೆ ನನಗೆ ಭಯವಾಗುತ್ತದೆ ಮಗಳೇ.

ಆದ್ದರಿಂದ ಮುಂದಿನ ತಗಡನ್ನು ತೆಗೆದುಬಿಡು. ಕಣ್ಣಿಗೆ ಕೆಸರು ಹಾರದ ಹಾಗೆ ಬೇರೆಯದು ಕಳಿಸಿದ್ದೇನೆ. ಪೇಂಟ್ ಬಕೆಟ್ ಕತ್ತರಿಸಿ ಮಾಡಿದ ಗೇಣುದ್ದದ ಪ್ಲಾಸ್ಟಿಕ್ ತುಂಡು, ನೋಡಲು ಚೆಂದವಿಲ್ಲ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕೆಳಗೆ ಇಟ್ಟು ನಾಲ್ಕು ತೂತಿಗೂ ಜೊತೆಗಿಟ್ಟಿರುವ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿ. ಟೈರಿಗೂ ಅದಕ್ಕೂ ನಡುವೆ ಎರಡು ಬೆರಳು ಸಲೀಸಾಗಿ ಆಡಬೇಕು. ಮಣ್ಣು ಸಿಕ್ಕಿಕೊಂಡರೂ ಅದು ಬಾಗುತ್ತದೆ, ಚಕ್ರವನ್ನು ಹಿಡಿಯುವುದಿಲ್ಲ. ಕನ್ನಡಕವನ್ನೂ ಹಾಕಿಕೋ. ಭಾನುವಾರ ಅಮ್ಮ ಬಂದು ತಗಡೆಲ್ಲಿ ಎಂದು ಕೇಳಿದರೆ ಅಪ್ಪನೇ ತೆಗೆಸಿದ್ದು ಎನ್ನು, ಬೈಗುಳ ನನಗಿರಲಿ.

ಗೆಲ್ಲುವುದು ಬಿಡುವುದು ಆಮೇಲೆ. ಕಣ್ಣು, ಕೈಕಾಲು ಸರಿಯಾಗಿಟ್ಟುಕೊಂಡು ಮನೆಗೆ ಬಾ. ದೇವರು ನಿನ್ನ ಜೊತೆಗಿರಲಿ.

ನಿನ್ನ ಅಪ್ಪ,
ಅನಂತರಾಜು

ತಾ.ಕ.: ಚಂದ್ರು ಹಾರನ್ ಹೊಡೆಯುತ್ತಿದ್ದಾನೆ. ಇಷ್ಟು ಬರೆದರೂ ಮುಖ್ಯವಾದದ್ದನ್ನು ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಆ ತಗಡು ಸ್ಪ್ಯಾನರಿಗೆ ಬರುವುದಿಲ್ಲ. ಶಿಬಿರಕ್ಕೆ ಹೋದ ಕೂಡಲೇ ನೀನು ಅದನ್ನು ಬಿಚ್ಚಿಹಾಕುತ್ತೀಯ ಎಂದು ಗೊತ್ತಿದ್ದೇ, ನೀನು ಸ್ನಾನಕ್ಕೆ ಹೋಗಿದ್ದಾಗ ಬೋಲ್ಟುಗಳ ತುದಿಯನ್ನು ಸುತ್ತಿಗೆಯಿಂದ ಬಡಿದು ನಟ್ಟು ತಿರುಗದ ಹಾಗೆ ಮಾಡಿದ್ದೆ. ನೀನು ಈಗಾಗಲೇ ಬಿಚ್ಚಲು ನೋಡಿ, ಆಗದೆ ಸುಮ್ಮನಾಗಿರಬಹುದು. ಇದರ ಜೊತೆ ಕಳಿಸಿರುವ ಕೋಡುಬಳೆ ಡಬ್ಬಿಯ ತಳದಲ್ಲಿ ಪೇಪರ್ ಸುತ್ತಿ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡ್ ಇಟ್ಟಿದ್ದೇನೆ. ನಿಧಾನವಾಗಿ ಕೊಯ್ಯಿ, ಬೆರಳು ಜೋಪಾನ. ಅದು ಮುಗಿಯುವವರೆಗೆ ಅಲ್ಲೇ ನಿಂತಿದ್ದು ತನ್ನ ಫೋನಿನಿಂದ ನನಗೆ ಹಚ್ಚಿಕೊಡಬೇಕು ಎಂದು ಚಂದ್ರುವಿಗೆ ಹೇಳಿದ್ದೇನೆ. ನನ್ನ ಮೇಲೆ ಕೋಪವಿದ್ದರೆ ಮಾತಾಡಬೇಡ. ತಗಡು ನೆಲಕ್ಕೆ ಬಿದ್ದ ಸದ್ದು ಕೇಳಿಸು, ಸಾಕು.