ಹೆಜ್ಜಾರ್ಲೆಯ ಕಿಟಕಿ

ಫೆಬ್ರವರಿ 3, ಸೋಮವಾರ

ಇವತ್ತೂ ಭಾವನ ಗಾಜಿನ ಅಂಗಡಿಯಲ್ಲಿ ಸೀಸ ಎಳೆದೆವು, ಗಾಜಿನ ತುಂಡುಗಳನ್ನು ಜೋಡಿಸುವ ಪಟ್ಟಿ. ಪಟ್ಟಿಯ ಒಂದು ತುದಿ ಭಾವನ ಇಕ್ಕಳದಲ್ಲಿ, ಇನ್ನೊಂದು ನನ್ನದರಲ್ಲಿ. ಎಳೆದು ನೆಟ್ಟಗೆ ಮಾಡದಿದ್ದರೆ ಗಾಜಿನ ಅಂಚಿಗೆ ಕೂರುವುದಿಲ್ಲ. ಕೈ ಜಾರಿ ದೊಪ್ಪನೆ ಬಿದ್ದೆ.

"ಮೂಗಿ, ಬಿದ್ದಾಗಲಾದ್ರೂ ಒಂದು ಅಯ್ಯೋ ಅನ್ನೇ" ಅಂದರು ಭಾವ. ಮಾತು ಕಡಿಮೆ ಅಂತ ಅವರು ನನಗಿಟ್ಟ ಹೆಸರು ಅದು.

ಚರ್ಚಿನ ಕಿಟಕಿ ಮೇಜಿನ ಮೇಲೆ ಮಲಗಿದೆ. ಬಣ್ಣದ ಗಾಜಿನಲ್ಲಿ ಒಂದು ದೊಡ್ಡ ಬಿಳಿ ಹಕ್ಕಿ. ಕತ್ತು ಬಗ್ಗಿಸಿ ಕೊಕ್ಕನ್ನು ತನ್ನದೇ ಎದೆಗೆ ಚುಚ್ಚಿಕೊಂಡಿದೆ. ಕೆಂಪು ಹನಿಗಳು. ಕೆಳಗೆ ಗೂಡಿನಲ್ಲಿ ಮರಿಗಳು, ಬಾಯಿ ತೆರೆದಿವೆ. ಹಳೆಯ ಸೀಸ ಬಿಡಿಸಿ ಹೊಸದು ಹಾಕಬೇಕು.

"ಪಾಪ, ಹೇನು ಹೆಕ್ಕೊಳ್ತಿದೆ" ಅಂದರು ಭಾವ.

"ನಗಿಸ್ಬೇಡ್ರೀ, ಒಳಗಿರೋರು ಒದೀತಾರೆ" ಅಂದಳು ಅಕ್ಕ, ಹೊಟ್ಟೆ ಹಿಡಿದುಕೊಂಡು.

ಆರನೇ ತಿಂಗಳು. ಹಿಂದಿನ ಎರಡು ಬಸಿರೂ ನಿಲ್ಲಲಿಲ್ಲ. ಈ ಸಲ ಸೀಸ ಮುಟ್ಟಲೇಬಾರದು, ಬಸಿರಿಗೆ ಅದು ವಿಷ ಎಂದಿದ್ದಾರೆ ಡಾಕ್ಟರು. ಅದಕ್ಕೇ ಭಾವ ಅವಳನ್ನು ನಕ್ಷೆ ಬಿಡಿಸುವ ಮೇಜಿಗೆ ಕೂರಿಸಿದ್ದಾರೆ. ಬಾಗಿಲ ಹತ್ತಿರ, ಗಾಳಿ ಬರುವ ಕಡೆ.

ಫೆಬ್ರವರಿ 6

ಕಿಟಕಿ ನೋಡಲು ಚರ್ಚಿನ ಫಾದರ್ ಬಂದಿದ್ದರು. ನಾನು ಗಾಜು ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತೆ. ಕಿವಿ ಮಾತ್ರ ಅಲ್ಲೇ.

"ಇದು ಹೆಜ್ಜಾರ್ಲೆ. ಮರಿಗಳು ಸತ್ತು ಬಿದ್ದಿರ್ತವೆ. ಮೂರನೇ ದಿನ ತಾಯಿ ತನ್ನ ಎದೆ ಕುಕ್ಕಿಕೊಂಡು ರಕ್ತ ಹನಿಸ್ತಾಳೆ. ಮರಿಗಳಿಗೆ ಜೀವ ಬರತ್ತೆ. ಯೇಸು ಶಿಲುಬೆ ಮೇಲೆ ಮಾಡಿದ್ದೂ ಅದೇ. ಅಂಚಿನಲ್ಲಿ ದ್ರಾಕ್ಷಿ ಗೊಂಚಲು ಇದೆಯಲ್ಲ, ಅದೂ ರಕ್ತದ ಗುರುತೇ."

"ಸತ್ತ ಮರಿಗಳಿಗೂ ಜೀವ ಬರತ್ತಾ ಫಾದರ್?" ಅಕ್ಕ ಕೇಳಿದಳು.

"ಸತ್ತ ಮರಿಗಳಿಗೇ ಬರೋದಮ್ಮ. ಅದೇ ಇದರ ಅರ್ಥ."

ಅಕ್ಕ ಟೀ ತರಲು ಒಳಗೆ ಹೋದಳು. ಆಗ ಭಾವ ಕೇಳಿದರು, ನಿಜವಾದ ಹಕ್ಕಿ ಹಾಗೆ ಮಾಡತ್ತಾ ಅಂತ. ಫಾದರ್ ನಕ್ಕರು. "ಇಲ್ಲಪ್ಪ. ಹಿಂದಿನವರು ಹಾಗಂದುಕೊಂಡಿದ್ರು. ನಮಗೆ ಅರ್ಥ ಮುಖ್ಯ, ಹಕ್ಕಿ ಅಲ್ಲ."

ಅಷ್ಟು ಹೊತ್ತಿಗೆ ಅಕ್ಕ ಅಲ್ಲಿರಲಿಲ್ಲ.

ಫೆಬ್ರವರಿ 11

ಭಾವ ಸಾಮಾನು ತರಲು ಹೋಗಿದ್ದರು. ಹಿಂದಿನ ಕೋಣೆಗೆ ಬಂದರೆ ಅಕ್ಕ ಕಿಟಕಿಯ ಮೇಲೆ ಬಗ್ಗಿದ್ದಳು. ಹಳೆಯ ಸೀಸ ಬೂದಿ ಹಿಡಿದ ಹಾಗೆ ಬೆಳ್ಳಗಾಗಿದೆ. ಹಕ್ಕಿಯ ಎದೆಯ ಪಕ್ಕದ ಪಟ್ಟಿಯಿಂದ ಆ ಪುಡಿಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡಳು.

"ಅಕ್ಕಾ! ಸೀಸ ಅದು!"

"ಮೆತ್ತಗೆ. ಸಿಹಿ ಇದೆ ಕಣೇ."

"ಡಾಕ್ಟರು ಮುಟ್ಟಲೇಬೇಡ ಅಂದಿಲ್ವಾ?"

"ಅದು ಅಂಗಡಿ ಸೀಸ. ಇದು ಹಾಗಲ್ಲ. ಆ ತಾಯಿ ಹಕ್ಕಿ ಎದೆಗೆ ಅಂಟಿಕೊಂಡಿದ್ದು, ಎಷ್ಟು ವರ್ಷದ ಪ್ರಾರ್ಥನೆ ಕುಡಿದಿದೆಯೋ. ಈ ಮಗೂನೂ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಳು. ಒಳಗಿಂದ ಒಂದು ಒದೆತ. "ಯಾರಿಗೂ ಹೇಳಲ್ಲ ಅಂತ ಮಗು ಮೇಲೆ ಆಣೆ ಇಡು. ಬಾಯಿ ಬಿಟ್ರೆ ಇದಕ್ಕಾಗೋ ಕೇಡು ನಿನ್ನ ತಲೆಗೆ."

ಮಾತೇ ಹೊರಡಲಿಲ್ಲ. ಹೊರಡದ್ದನ್ನೇ ಆಣೆ ಅಂದುಕೊಂಡಳು.

ಫೆಬ್ರವರಿ 12

ಪುಡಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆದೆ. ತಡವಾಯಿತು. ಅಕ್ಕ ಆಗಲೇ ಕೆರೆದು ಎಲ್ಲೋ ಇಟ್ಟುಕೊಂಡಿದ್ದಾಳೆ. ಎಲ್ಲಿ ಅಂತ ಕೇಳಿದರೆ ನಕ್ಕು ನಕ್ಷೆಯ ಕಡೆ ತಿರುಗಿದಳು.

ಫೆಬ್ರವರಿ 27

ಬರೆಯಲು ಮನಸ್ಸೇ ಬಂದಿರಲಿಲ್ಲ.

ಅಕ್ಕನ ಮುಖ ಸುಣ್ಣ ಬಳಿದ ಹಾಗಾಗಿದೆ. ಹೊಟ್ಟೆ ಹಿಂಡುತ್ತದೆ ಅಂತ ಮುದುರಿಕೊಂಡು ಕೂರುತ್ತಾಳೆ. ಬಸಿರಿನ ಸಂಕಟ ಅಂದುಕೊಂಡಿದ್ದಾರೆ ಭಾವ. ಕಾಲು ಒತ್ತುತ್ತಾರೆ ಪಾಪ.

ಹೊಟ್ಟೆಗೆ ಕೈ ಇಡಲು ಹೋದೆ. ತಳ್ಳಿದಳು. "ಮಲಗಿದೆ. ಎಬ್ಬಿಸ್ಬೇಡ."

ಹೇಳಿದರೆ ಆಣೆ ಮುರಿದು ಮಗುವಿಗೆ ಕೇಡು. ಹೇಳದಿದ್ದರೆ ಸೀಸ ತಿಂದು ಮಗುವಿಗೆ ಕೇಡು. ನಾನು ಓದಿದ್ದು ಐದನೇ ಕ್ಲಾಸು. ಇದನ್ನು ಬಿಡಿಸೋದು ಯಾವ ಕ್ಲಾಸಿನಲ್ಲಿ ಕಲಿಸ್ತಾರೋ.

ಮಾರ್ಚ್ 2, ಭಾನುವಾರ

ಚರ್ಚಿಗೆ ಹೋದೆ. ಕಿಟಕಿ ಇದ್ದ ಜಾಗಕ್ಕೆ ಪ್ಲಾಸ್ಟಿಕ್ ಕಟ್ಟಿದ್ದಾರೆ. ಗಾಳಿಗೆ ಪಟಪಟ ಅನ್ನುತ್ತಿತ್ತು. ಎಲ್ಲರೂ ಹೋಗುವವರೆಗೆ ಕಂಬದ ಹಿಂದೆ ನಿಂತಿದ್ದೆ.

"ಫಾದರ್... ಆಣೆ ಮುರಿದ್ರೆ ಮಗುಗೆ ಏನಾದ್ರೂ ಆಗತ್ತಾ?"

"ಯಾರ ಮಗು? ಏನಾಯ್ತಮ್ಮ?"

ಪಟಪಟ ಅನ್ನುವ ಪ್ಲಾಸ್ಟಿಕ್ ಕಡೆ ತಿರುಗಿದೆ.

"ದೇವರು ಮಕ್ಕಳನ್ನ ಒತ್ತೆ ಇಟ್ಕೊಳ್ಳಲ್ಲ ಮಗಳೇ. ಹೇಳೋದಿದ್ರೆ ಹೇಳಿಬಿಡು."

ಅವರಿಗೆ ಹೇಳಲಾಗಲಿಲ್ಲ. ಓಡಿ ಬಂದೆ. ಆದರೆ ಆ ಮಾತು ಜೊತೆಗೇ ಬಂತು.

ಮಾರ್ಚ್ 5, ಬುಧವಾರ

ಹೇಳಿದೆ.

ಅಕ್ಕನ ಕೈಯಿಂದ ಪೆನ್ಸಿಲ್ ಬಿತ್ತು. ಎತ್ತಿಕೊಳ್ಳಲು ಹೋದರೆ ಮಣಿಕಟ್ಟು ಏಳಲಿಲ್ಲ, ಜೋತುಬಿತ್ತು. ಆಗ ಹೇಳಿದೆ. "ಭಾವ, ಅಕ್ಕ ಹಕ್ಕಿ ಸೀಸದ ಪುಡಿ ತಿಂತಾಳೆ. ಮೂರು ವಾರದಿಂದ."

ಭಾವ ಮೊದಲು ನಕ್ಕರು. ಜೋಕು ಅಂದುಕೊಂಡರು. ಆಮೇಲೆ ಅಕ್ಕನ ಮುಖ ನೋಡಿದರು. ಮೇಜಿನ ಮೇಲಿದ್ದುದನ್ನೆಲ್ಲ ಬಿಟ್ಟು ಅವಳನ್ನು ಎತ್ತಿಕೊಂಡು ಹೊರಗೆ ಓಡಿದರು.

ಬಾಗಿಲಲ್ಲಿ ಅಕ್ಕ ತಿರುಗಿ ಅಂದಳು, "ಮುಗೀತಲ್ಲ. ಈಗ ಸಮಾಧಾನವಾ?"

ಮಾರ್ಚ್ 6, ಆಸ್ಪತ್ರೆ

ಸ್ಕ್ಯಾನಿಂಗ್‌ನಲ್ಲಿ ನಿನ್ನೆ ಎದೆಬಡಿತ ಸಿಗಲಿಲ್ಲ. ಗಂಡು ಮಗು.

ನನ್ನನ್ನು ಒಳಗೆ ಬಿಡಬೇಡಿ ಎಂದಳಂತೆ ಅಕ್ಕ. ಗೋಡೆಯ ಈಚೆಗೂ ಕೇಳಿಸುತ್ತಿತ್ತು. "ಅವಳು ಆಣೆ ಮುರಿದಳು. ಅವಳ ನಾಲಿಗೆ ತಿಂತು ನನ್ನ ಮಗೂನ."

"ಬಾಯ್ಮುಚ್ಚು" ಅಂದರು ಭಾವ. "ಅವಳು ಹೇಳ್ದೇ ಇದ್ದಿದ್ರೆ ನೀನೂ ಇರ್ತಿರ್ಲಿಲ್ಲ." ಅಂದವರು ಅಳತೊಡಗಿದರು.

ಬುಧವಾರ ಹೇಳಿದೆ. ಬುಧವಾರವೇ ಮಗು ಇಲ್ಲ ಅಂದರು ಡಾಕ್ಟರು. ದೇವರು ಒತ್ತೆ ಇಟ್ಟುಕೊಳ್ಳುವುದಿಲ್ಲ ಅಂದಿದ್ದರು ಫಾದರ್...

ಮಾರ್ಚ್ 24

ಕಿಟಕಿ ಮುಗಿಯಿತು. ಬೆಸುಗೆಯೆಲ್ಲ ಭಾವನದು. ಕೆಂಪು ಹನಿಗಳ ಗಾಜು ಕೂರಿಸಿದ್ದು ನಾನು. ಕೈಗವಸು ಹಾಕಿಕೊಂಡೇ.

ಅಕ್ಕ ಮನೆಗೆ ಬಂದು ವಾರ ಆಯಿತು. ನನ್ನನ್ನು ಕಂಡರೆ ಗೋಡೆ ಕಡೆ ತಿರುಗುತ್ತಾಳೆ. ತಟ್ಟೆ ಇಟ್ಟು ಬರುತ್ತೇನೆ, ಖಾಲಿ ತಟ್ಟೆ ತರುತ್ತೇನೆ.

ಮಾರ್ಚ್ 26

ಇವತ್ತು ತಟ್ಟೆ ಎತ್ತಲು ಹೋದಾಗ ನನ್ನ ತೋಳು ಹಿಡಿದಳು. ಕೈಯಲ್ಲಿ ಬಲವೇ ಇಲ್ಲ.

"ನಿನ್ನಿಂದಲ್ಲ ಕಣೇ. ನೀನು ಹೇಳೋಕೆ ಎಷ್ಟೋ ಮುಂಚೇನೇ ಒದೆಯೋದು ನಿಂತಿತ್ತು."

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಅದಕ್ಕೇ ಜಾಸ್ತಿ ತಿಂದೆ. ಸತ್ತ ಮರಿಗಳಿಗೇ ಜೀವ ಬರೋದು ಅಂದ್ರಲ್ಲ ಫಾದರ್. ಮೂರನೇ ದಿನ ಬರತ್ತೆ ಅಂತ ಕಾದೆ. ಆಮೇಲೆ ಇನ್ನೂ ಮೂರು ದಿನ ನೋಡೋಣ ಅಂತ... ಹಾಗೇ."

ಕೂತುಬಿಟ್ಟೆ. ಒಳಗೆ ಅದನ್ನು ಇಟ್ಟುಕೊಂಡೇ ಬಾಗಿಲ ಹತ್ತಿರ ನಕ್ಷೆ ಬಿಡಿಸುತ್ತಿದ್ದಳು. ನಾವು ಪಕ್ಕದಲ್ಲೇ ಸೀಸ ಎಳೆಯುತ್ತಿದ್ದೆವು.

"ನಿಮ್ಮ ಭಾವಂಗೆ ಇದು ಗೊತ್ತಾಗ್ಬಾರ್ದು. ಆ ಪುಡಿ ಇನ್ನೂ ಸ್ವಲ್ಪ ಉಳಿದಿದೆ ಅನ್ನೋದೂ." ನನ್ನ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಳ್ಳಲು ನೋಡಿದಳು. "ನನ್ನ ಮೇಲಾಣೆ..."

"ಬೇಡ!" ಕೈ ಕಿತ್ತುಕೊಂಡೆ. ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿಲ್ಲ. ತಟ್ಟೆ ಉರುಳಿತು.

ಭಾವ ಓಡಿ ಬಂದರು. "ಏನೇ ಅದು? ಏನಾಯ್ತು?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. "ಭಾವ, ಆ ಪುಡಿ ಇನ್ನೂ ಉಳಿದಿದೆ" ಅಂದೆ.