ಐವತ್ತರಲ್ಲಿ ಐವತ್ತು ಕಳೆದರೆ

ಆಗಸ್ಟ್ 4, ಬೆಳಿಗ್ಗೆ
ಮತ್ತೆ ಕಾಲೇಜಿಗೆ ನಾರಾಯಣಖೇಡ ಬಸ್ಸು. ಕಾಲು ಹಿಡಿದುಕೊಂಡಿವೆ. ಅರ್ಧ ದಾರಿಯಲ್ಲಿ ಇವರ ಬಸ್ಸು ಎದುರು ಬಂತು. ಸ್ಟೇರಿಂಗ್ ಮೇಲಿಂದ ಒಂದು ಕೈ ಎತ್ತಿದರು. ಹೋದರು. ಇವತ್ತಿನ ಗಂಡನ ದರ್ಶನ ಮುಗಿಯಿತು. ಇವರ ಡ್ಯೂಟಿ ತಾಂಡೂರಿನಿಂದ, ರೂಮೂ ಅಲ್ಲೇ. ನಾನು ಜಹೀರಾಬಾದಿನಲ್ಲಿ. ಆರು ವರ್ಷ ಆಯಿತು.

ಆಗಸ್ಟ್ 5
ನಮ್ಮ ಕಾಲೇಜಿನ ತಾಂಡೂರ ಬ್ರಾಂಚಿನಲ್ಲಿ ಜನವರಿಗೆ ಲ್ಯಾಬ್ ಅಸಿಸ್ಟೆಂಟ್ ಜಾಗ ಖಾಲಿ. ಇಂಟರ್, ಅಂದರೆ ಪಿಯುಸಿ, ಪಾಸಾದರೆ ನನಗೇ ಅಂದಿದ್ದಾರೆ. ಫಿಜಿಕ್ಸ್ ಒಂದೇ ಬಾಕಿ. ಎರಡು ಸಲ ಫೇಲು. ಹದಿನೈದು ವರ್ಷದಿಂದ ಫಿಜಿಕ್ಸ್ ಲ್ಯಾಬಿನ ಧೂಳು ಹೊಡೆಯುವವಳು ನಾನು...

ಆಗಸ್ಟ್ 19
ಊಟದ ಬಿಡುವಿನಲ್ಲಿ ಲೆಕ್ಚರರ್ ನಂದಕಿಶೋರ ಸರ್ ಲೆಕ್ಕ ಕೊಟ್ಟರು. ಎರಡು ಬಸ್ಸು, ಎದುರುಬದುರು, ಎರಡೂ ಐವತ್ತರ ವೇಗ. ಒಂದರಲ್ಲಿ ಕೂತವರಿಗೆ ಇನ್ನೊಂದರ ವೇಗ ಎಷ್ಟು? ಐವತ್ತರಲ್ಲಿ ಐವತ್ತು ಕಳೆದೆ. ಸೊನ್ನೆ.

"ಅಕ್ಕಾ, ಸೊನ್ನೆ ಅಂದ್ರ ಆ ಡ್ರೈವರ್ ನಿಮ್ಮ ಬಾಜೂಕೇ ಇರಬೇಕು. ಇರ್ತಾನೇನ್ರಿ?"

"ಎಲ್ಲೀದು ಸರ್. ರೆಪ್ಪಿ ಬಡಿಯೂದ್ರಾಗ ಹೋಗ್ಯಾರ."

ಅವರು ಬಸ್ಸಿನ ಲೆಕ್ಕ ಕೇಳಿದ್ದರು, ನಾನು ಗಂಡನದು ಹೇಳಿದೆ. ಇಬ್ಬರಿಗೂ ತಿಳಿಯಿತು.

ಸೆಪ್ಟೆಂಬರ್ 2
ಕಿಟಕಿಯಾಚೆ ಗಿಡ, ಊರೂ ಓಡುತ್ತವೆ ಅಂದರು ಸರ್. ಜಗಳ ತೆಗೆದೆ. "ಬಸ್ಸು ಓಡ್ತದ, ಖರೇ. ನಿಂತ ಗಿಡ, ನಿಂತ ಊರು ಹ್ಯಾಂಗ ಓಡ್ತಾವ್ರಿ?"

"ಊರು ಹತ್ರ ಆದಾಗ ಕಂಡಕ್ಟರ್ ಏನಂತಾನ?"

"ಖೇಡ ಬಂತು ಅಂತಾನ."

"ಮತ್ತ? ಊರೇ ಬಂತಲ್ಲ. ಕುಂತವರಿಗೆ ಬಸ್ಸು ನಿಂತದ, ಊರು ಬರ್ತದ. ಸಾಪೇಕ್ಷ ವೇಗ ಅಂದ್ರ ಅದೇ ಅಕ್ಕಾ."

ಕನ್ನಡದಲ್ಲಿ ಬಂತು, ತೆಲುಗಿನಲ್ಲಿ ವಚ್ಚಿಂದಿ. ಬಾಯಲ್ಲೇ ಇದ್ದ ಪಾಠಕ್ಕೆ ಎರಡು ಸಲ ಫೇಲಾದೆ.

ಸೆಪ್ಟೆಂಬರ್ 3
ಎದುರುಬದುರಾದರೆ ಕೂಡಬೇಕು. ನೂರು. ಇವರ ಬಸ್ಸು ಹನ್ನೊಂದು ಮೀಟರು. ನನ್ನ ಕಿಟಕಿ ದಾಟಲು ಅರ್ಧ ಸೆಕೆಂಡೂ ಬೇಡ. ಮೊದಲ ಸಲ ಲೆಕ್ಕ ಸರಿ ಬಂತು — ಅಳು ಬಂತು.

ಅಕ್ಟೋಬರ್ 9
ಪರೀಕ್ಷೆ ಮುಗಿಯಿತು. ಅದೇ ಲೆಕ್ಕ, ಬಸ್ಸಿನ ಬದಲು ರೈಲು. ಕೂಡಿದೆ. ಮೈಯಲ್ಲಿ ಏನೂ ಉಳಿದಿಲ್ಲ. ಮಲಗುತ್ತೇನೆ.

ನವೆಂಬರ್ 28
ಪಾಸು. ಮೂವತ್ತೈದು ಬೇಕಿತ್ತು, ಮೂವತ್ತಾರು ಬಂದಿದೆ. ಫೋನ್ ಮಾಡಿದೆ. ಇವರು ಎಷ್ಟು ಮಾರ್ಕು ಅಂತ ಎರಡು ಸಲ ಕೇಳಿದರು. ಆಮೇಲೆ, "ಮಹಾನಂದಾ, ಇಲ್ಲಿ ಕುಕ್ಕರ್ ಅದ. ನಿಂದು ಹೊತ್ಕೊಂಡು ಬರಬ್ಯಾಡ."

ಜನವರಿ 2, ತಾಂಡೂರ ಬಸ್ಸಿನಲ್ಲಿ
ಎರಡು ಚೀಲ, ಒಂದು ಟ್ರಂಕು. ಇವರೇ ಡ್ರೈವರು, ನಾನು ಇವರ ಹಿಂದಿನ ಸೀಟು. ಅಕ್ಷರ ಕುಣಿಯುತ್ತಿವೆ. ಇವರ ತಲೆ ಹಿಂದೆಲ್ಲ ಬೆಳ್ಳಗಾಗಿದೆ. ಎದುರಿನಿಂದ ನೋಡಿ ನೋಡಿ ಗೊತ್ತೇ ಆಗಿರಲಿಲ್ಲ. ಒಂದು ತಾಸಿನಿಂದ ನೋಡುತ್ತಿದ್ದೇನೆ, ಎಲ್ಲೂ ಹೋಗಿಲ್ಲ. ಇವರೂ ಐವತ್ತರ ವೇಗ, ನಾನೂ ಐವತ್ತು. ಕಳೆದರೆ ಸೊನ್ನೆ. ಈ ಸಲ ಸರಿ ಇದೆ ಸರ್. ನಿದ್ದೆ ಎಳೆಯುತ್ತಿದೆ. ಕಂಡಕ್ಟರ್ ತುಳಜಪ್ಪ ಕೂಗುತ್ತಿದ್ದಾನೆ, ತಾಂಡೂರ ಬಂ