ಮೊದಲು ಏರು, ಆಮೇಲೆ ಇಳಿಜಾರು

ಹ್ಯಾಗ್‌ಥಾರ್ಪ್, ಯಾರ್ಕ್‌ಶೈರ್
೬ ಸೆಪ್ಟೆಂಬರ್ ೧೯೯೮, ಭಾನುವಾರ

ಪ್ರೀತಿಯ ಮೇವಿಸ್,

ಗೆದ್ದೆವು ಕಣೇ! ಕುಶಲ ಕೇಳುವುದಕ್ಕೂ ಮೊದಲು ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ಈಗ ಕೇಳುತ್ತೇನೆ: ಹೇಗಿದ್ದೀಯೆ? ಮಂಡಿನೋವು ಇಳಿಯಿತೇ? ಕೆನಡಾದಲ್ಲಿ ಚಳಿ ಶುರುವಾಯಿತೇ? ಈಸ್ಟರ್ ಹೊತ್ತಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ನಿನ್ನ ಅಣ್ಣ ವಿಲ್ಫ್‌ನ ವಿಷಯವೂ ಬರೆಯಬೇಕಲ್ಲ ಎಂದುಕೊಂಡು ಪೆನ್ನು ಕೆಳಗಿಡುತ್ತಿದ್ದೆ.

ಬೋನ್‌ಮಿಲ್ ಲೇನ್‌ನ ನಮ್ಮ ಫುಟ್‌ಬಾಲ್ ಮೈದಾನ ಮಾರಿಹೋಯಿತೆಂದು ನಿನಗೆ ಗೊತ್ತು. ಅಲ್ಲಿ ಮನೆಗಳು ಏಳುತ್ತವಂತೆ. ಏಪ್ರಿಲ್‌ನಲ್ಲಿ ಕೊನೆಯ ಆಟ ಮುಗಿದಾಗ, ಅಷ್ಟು ವರ್ಷ ಆ ಹುಲ್ಲನ್ನು ಮಗುವಿನ ಹಾಗೆ ಸಾಕಿದ ವಿಲ್ಫ್ ಮೂಲೆಯ ಬಾವುಟ ಕಿತ್ತುಕೊಂಡು ಮನೆಗೆ ಬಂದ. ಅವತ್ತಿನಿಂದ ಹೊಸ ಮೈದಾನದ ಹೆಸರೆತ್ತಿದರೆ ಸಾಕು, ಕಿಟಕಿಯ ಕಡೆ ಮುಖ ತಿರುಗಿಸುತ್ತಾನೆ. "ವಿಲ್ಫ್‌ಗೆ ಮುನಿಸು" ಎಂದು ಊರೆಲ್ಲ ನಕ್ಕಿತು. ನಾನೂ ಜೊತೆಗೆ ನಕ್ಕೆ. ನಿಮ್ಮ ಮನೆತನದ ಹಟ ಯಾರಿಗೆ ಗೊತ್ತಿಲ್ಲ? ಆದ್ದರಿಂದ ಹೊಸ ಮೈದಾನದಲ್ಲಿ ನಿನ್ನೆ ನಡೆದ ಮೊದಲ ಆಟದಲ್ಲಿ ಊರಿಗೆ ಕಪ್ಪು ಗೆಲ್ಲುವ ಚಿಂತೆಯಾದರೆ ನನಗೆ ಒಂದೇ ಚಿಂತೆ, ವಿಲ್ಫ್ ಬರುತ್ತಾನೋ ಇಲ್ಲವೋ.

ಬೆಳಿಗ್ಗೆ ನೋಡಿದರೆ ತಾನೇ ಕೋಟು ತೊಟ್ಟು, ಕ್ಲಬ್ಬಿನ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ! "ನಾನ್ ಮುಂದೆ ಹೋಗಿರ್ತೀನಿ. ಅರ್ಧ ಆಟ ಆದ್ಮೇಲೆ ಗೋಲಿನ ಹಿಂದೆ ಸಿಗೋಣ, ಟೀ ಮರೀಬೇಡ" ಅಂದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮೊದಲಿನಿಂದಲೂ ಅವನು ಮೈದಾನಕ್ಕೆ ಸುಣ್ಣದ ಗೆರೆ ಬಳಿಯಲೆಂದು ನನಗಿಂತ ಮುಂಚೆ ಹೊರಡುವವನೇ ತಾನೆ? ತಲೆ ಬಾಚಿ, ಕೆಂಪು ಹ್ಯಾಟು ಇಟ್ಟುಕೊಂಡು ನಾನೂ ಹೊರಟೆ.

ಆಟಕ್ಕೆ ಮೊದಲು ಅಧ್ಯಕ್ಷ ಸ್ಟ್ಯಾನ್ಲಿ ಆಕ್ರಾಯ್ಡ್ ಮೈಕು ತಂದು ನನ್ನ ಮೂತಿಗೆ ಹಿಡಿದ. "ಎನಿಡ್, ಕ್ಲಬ್ಬಿನ್ ಕಥೆ ಹೇಳ್ಬಿಡು. ಚುಟುಕಾಗಿ, ಹಾಂ!" ನನಗೂ ಚುಟುಕಿಗೂ ಎಲ್ಲಿಯ ನೆಂಟಸ್ತಿಕೆ? ಎಲ್ಲ ಹೇಳಿಬಿಟ್ಟೆ. ಕಲ್ಲುಗಣಿಯವರು ಮೊದಮೊದಲು ಫ್ಲೀಸ್ ಪಬ್ಬಿನ ಹಿಂದೆ ಹಸುಗಳನ್ನು ಆಚೆ ಅಟ್ಟಿ ಆಡುತ್ತಿದ್ದದ್ದು, ಸಗಣಿಯಲ್ಲಿ ಜಾರಿ ಬಿದ್ದವನು ಎಲ್ಲರಿಗೂ ಬಿಯರ್ ಕೊಡಿಸಬೇಕಿದ್ದದ್ದು. ಆಮೇಲೆ ಚರ್ಚಿನ ಹೊಲಕ್ಕೆ ಹೋದದ್ದು, ಇವರ ಬೈಗುಳ ಪ್ರಾರ್ಥನೆಗಿಂತ ಜೋರಾಗಿ ಕೇಳುತ್ತದೆಂದು ಪಾದ್ರಿ ಅಲ್ಲಿಂದ ಓಡಿಸಿದ್ದು. ಕೊನೆಗೆ ಗಣಿಯ ಯಜಮಾನ ಬೋನ್‌ಮಿಲ್ ಲೇನ್‌ನ ಕಲ್ಲುಕಸದ ದಿಬ್ಬ ಕೊಟ್ಟದ್ದು. ಅದನ್ನು ಮಟ್ಟ ಮಾಡಲು ನಿಮ್ಮಜ್ಜ ಮತ್ತವರ ಗೆಳೆಯರು ಕೆಲಸ ಮುಗಿಸಿ ಬಂದು ಕೈಗಾಡಿ ತಳ್ಳಿದರಲ್ಲ? ಅರ್ಧಕ್ಕೇ ಸುಸ್ತಾಗಿ ಕೂತಾಗ ನಿಮ್ಮಜ್ಜ ಹೇಳಿದ ಮಾತನ್ನೂ ಮೈಕಿನಲ್ಲಿ ಹೇಳಿದೆ: "ಇರ್ಲಿ ಬಿಡ್ರೋ ಓರೆ! ಮಳೆನೀರಾದ್ರೂ ಹರಿದೋಗುತ್ತೆ." ಜನ ಬಿದ್ದು ಬಿದ್ದು ನಕ್ಕರು.

ಆ ಓರೆಯೇ ನಮ್ಮನ್ನು ಸಾಕಿದ್ದು. ಟಾಸ್ ಗೆದ್ದರೆ ಮೊದಲು ಏರು ಕಡೆಗೆ ಆಡುವುದು, ಎದುರಾಳಿಗೆ ಏದುಸಿರು ಬರುವ ಹೊತ್ತಿಗೆ ಇಳಿಜಾರು ನಮ್ಮದು. ಅರ್ಧ ಆಟಕ್ಕೆ ನಾವು ನೋಡುವವರೂ ಮೇಲಿನ ಗೋಲಿನ ಹಿಂದಿನಿಂದ ಕೆಳಗಿನ ಗೋಲಿನ ಹಿಂದಕ್ಕೆ ದಿಬ್ಬಣದ ಹಾಗೆ ನಡೆದು ಹೋಗುವುದು. ನಾವು ಜಿಲ್ಲಾ ಕಪ್ಪು ಗೆದ್ದ ವರ್ಷ ನನಗೂ ವಿಲ್ಫ್‌ಗೂ ಹೊಸದಾಗಿ ಮದುವೆಯಾಗಿತ್ತು. ಯಾವುದೋ ಮಾತಿಗೆ ಜಗಳವಾಗಿ ಅವನು ಗ್ಯಾಲರಿ ಕಡೆಯಿಂದ, ನಾನು ಬೇಲಿ ಕಡೆಯಿಂದ ನಡೆದು ಹೋಗಿ ಕೆಳಗಿನ ಗೋಲಿನ ಹಿಂದೆ ಮುಖಾಮುಖಿಯಾದೆವು. ಅವನ ಕೈಯಲ್ಲಿ ತಿನ್ನಲು ಎರಡು ಬಿಸಿ ಪೈ, ನನ್ನ ಕೈಯಲ್ಲಿ ಎರಡು ಲೋಟ ಟೀ. ಇಬ್ಬರಿಗೂ ನಗು ಬಂತು, ಆಗಲೇ ನಮ್ಮವರು ಗೋಲು ಹೊಡೆದರು. ಅಂದಿನಿಂದ ಒಂದು ಆಟಕ್ಕೂ ನಾವಿಬ್ಬರು ಒಂದೇ ಕಡೆಯಿಂದ ನಡೆದವರಲ್ಲ. ಅವನದು ಗ್ಯಾಲರಿ, ನನ್ನದು ಬೇಲಿ.

ಹೊಸ ಮೈದಾನವೋ, ರೊಟ್ಟಿ ತಟ್ಟುವ ಮಣೆಯಷ್ಟು ಮಟ್ಟ! ನಮ್ಮ ಕ್ಯಾಪ್ಟನ್ ಕ್ರೇಗ್ ಟಾಸ್ ಗೆದ್ದವನೇ ಗತ್ತಿನಿಂದ, "ಮೊದ್ಲು ಏರು ಕಡೆ, ಸಾರ್" ಅಂದುಬಿಟ್ಟ.

ರೆಫರಿ ಸುತ್ತ ಕಣ್ಣಾಡಿಸಿ, "ಏರು ಎಲ್ಲಿದೆಯಪ್ಪಾ ಇಲ್ಲಿ?" ಎಂದು ಕೇಳಿದ.

ಕ್ರೇಗ್ ಬೆಪ್ಪಾಗಿ ನಮ್ಮತ್ತ ನೋಡಿದ. ನಾವೆಲ್ಲ ಒಟ್ಟಿಗೇ ಒಂದು ಗೋಲಿನ ಹಿಂದೆ ಹಾದುಹೋಗುವ ರೈಲುಹಳಿಯ ಕಡೆ ಬೆರಳು ತೋರಿಸಿದೆವು. "ಹಳಿ ಕಡೆನೇ ಏರು, ಇನ್ನು ಮುಂದೆ!" ಎಂದು ಸ್ಟ್ಯಾನ್ಲಿ ಕೂಗಿದ. ಎದುರಾಳಿ ಕೋಲ್ಡ್‌ಬೆಕ್‌ನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಲ್ಲು ಒಡ್ದೂ ಒಡ್ದೂ ತಲೇನೂ ಕಲ್ಲಾಗಿದೆ ಇವ್ರದ್ದು!" ಎಂದು ಅವರಲ್ಲೊಬ್ಬ ಹಂಗಿಸಿದ. ಮೊದಲ ಅರ್ಧದಲ್ಲೇ ನಮಗೆ ಒಂದು ಗೋಲು ಬಿಗಿದರು ಕೂಡ.

ಅರ್ಧ ಆಟವಾದಾಗ ಎಲ್ಲರೂ ನಡೆದರು. ನಾನು ಎರಡು ಲೋಟ ಟೀ ಹಿಡಿದು ನನ್ನ ಕಡೆಯಿಂದ ಹೋಗಿ ಗೋಲಿನ ಹಿಂದೆ ನಿಂತೆ. ಆಚೆ ಕಡೆಯಿಂದ ಬಂದವರ ಮುಖಗಳನ್ನೆಲ್ಲ ನೋಡಿದೆ. ವಿಲ್ಫ್ ಅವರಲ್ಲಿರಲಿಲ್ಲ. "ಎಲ್ಲಿ ನಿನ್ ಗಂಡ? ಇನ್ನೂ ಮುನಿಸಾ?" ಎಂದು ಸ್ಟ್ಯಾನ್ಲಿ ಕಿಚಾಯಿಸಿದ. "ಪೈ ಸಾಲಲ್ಲಿ ನಿಂತಿರ್ತಾನೆ, ನಿನಗ್ಯಾಕೆ?" ಅಂದೆ. ಅಷ್ಟರಲ್ಲಿ ನಮ್ಮವರು ಸಮ ಮಾಡಿದರು. ಆಮೇಲಿನದು ಕೇಳು! ರೆಫರಿ ಸೀಟಿ ಬಾಯಿಗಿಡುವ ಹೊತ್ತು, ಮೂಲೆಯಿಂದ ಚೆಂಡು ಬಂತು, ಕ್ರೇಗ್ ಕಣ್ಣು ಮುಚ್ಚಿಕೊಂಡು ತಲೆ ಕೊಟ್ಟ, ಬಲೆ ಅಲುಗಿತು! ನಾನು ಹಾರಿದ ರಭಸಕ್ಕೆ ಎರಡೂ ಲೋಟದ ಟೀ ಸ್ಟ್ಯಾನ್ಲಿಯ ಹೊಸ ಸೂಟಿನ ಬೆನ್ನಿಗೆ ಅಭಿಷೇಕವಾಯಿತು. ಅಷ್ಟು ಹೊತ್ತಿಗೆ ಆರಿಹೋಗಿತ್ತು, ಅವನ ಪುಣ್ಯ. ಅವನು ಹಿಂತಿರುಗಿ ನನ್ನನ್ನೇ ಅಪ್ಪಿಕೊಂಡು ಅತ್ತ. ಮುಂದಿನ ಸುತ್ತು ಬರುವ ಶನಿವಾರವೇ, ಅದೂ ಇಲ್ಲೇ.

ನಿನಗೂ ಮಕ್ಕಳು ಮೊಮ್ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ಮಂಜಿನಲ್ಲಿ ಜಾರಿ ಬೀಳದೆ ಹುಷಾರಾಗಿ ನಡೆ. ಕಲ್ಲುಕುಟಿಗರ ಗೆಲುವಿಗೆ ಅಲ್ಲಿಂದಲೇ ಒಂದು ಲೋಟ ಎತ್ತು.

ನಿನ್ನ ಅತ್ತಿಗೆ,
ಎನಿಡ್

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅದು ಮುನಿಸಲ್ಲ, ಮೇವಿಸ್. ಮರೆವಿನ ಕಾಯಿಲೆ ಎಂದು ಬೇಸಿಗೆಯಲ್ಲೇ ಡಾಕ್ಟರು ಹೇಳಿದರು. ಊರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೇ ಮುನಿಸೆಂದು ನಗುವವರ ಜೊತೆ ನಕ್ಕೆ. ನಿನ್ನೆ ಆಟ ಮುಗಿದದ್ದೇ ಅವನು ಎಲ್ಲಿರಬಹುದೆಂದು ನನಗೆ ಹೊಳೆಯಿತು, ಬೋನ್‌ಮಿಲ್ ಲೇನ್‌ಗೆ ಓಡಿದೆ. ಗ್ಯಾಲರಿ ಕೆಡವಿದ್ದಾರೆ, ಎಲ್ಲೆಲ್ಲೂ ಗೂಟ ಹೊಡೆದು ದಾರ ಕಟ್ಟಿದ್ದಾರೆ. ಕೆಳಗಿನ ಗೋಲಿದ್ದ ಜಾಗದ ಹಿಂದೆ ವಿಲ್ಫ್ ಎರಡು ಪೈ ಹಿಡಿದು ನಿಂತಿದ್ದ.

"ಎಲ್ಲಿ ಹೋಗಿದ್ಯೇ? ಎರಡನೇ ಅರ್ಧ ಶುರುವಾಗಿ ಎಷ್ಟ್ ಹೊತ್ತಾಯ್ತು! ನಿನ್ ಪೈ ತಣ್ಣಗಾಗ್ತಿದೆ."

"ಟೀಗೆ ಸಾಲು ಉದ್ದ ಇತ್ತು" ಅಂದೆ.

"ಯಾರು ಮುಂದಿದಾರೆ?"

"ನಾವೇ. ಎರಡು-ಒಂದು."

"ಇಳಿಜಾರು ನಮ್ದೇ ಅಲ್ವಾ, ಇನ್ನೊಂದು ಬರುತ್ತೆ ನೋಡ್ತಿರು" ಅಂದ. ಇಬ್ಬರೂ ನಿಂತು ತಣ್ಣಗಿನ ಪೈ ತಿಂದೆವು.

ಬರುವುದಾದರೆ ಬೇಗ ಬಾ, ನಿನ್ನ ಹೆಸರು ಅವನಿಗೆ ಇನ್ನೂ ನೆನಪಿದೆ. ಬರುವ ಶನಿವಾರದ ಆಟಕ್ಕೆ ನನ್ನನ್ನು ಕಾಯಬೇಡ ಎಂದು ಸ್ಟ್ಯಾನ್ಲಿಗೆ ಹೇಳಿದ್ದೇನೆ. ಅರ್ಧ ಆಟದ ಹೊತ್ತಿಗೆ ಎರಡು ಲೋಟ ಟೀ ಹಿಡಿದು ಬೋನ್‌ಮಿಲ್ ಲೇನ್‌ನಲ್ಲಿ ಇಳಿದು ಹೋಗುತ್ತೇನೆ, ನನ್ನ ಕಡೆಯಿಂದಲೇ. ಬೇಲಿಯನ್ನು ಇನ್ನೂ ಕಡಿದಿಲ್ಲ.